ನೆಲ ಡೊಂಕು ಎಂದವಳ ಮಾತಲ್ಲೂ ಸತ್ಯವಿದೆ

ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನ ಉಳಿದಿತ್ತು. ಹಿಂದಿನ ರಾತ್ರಿ ಚೆನ್ನಾಗಿ ಮಳೆ ಹುಯ್ದಿತ್ತು. ಗೋಪಾಲಸ್ವಾಮಿ ಬೆಟ್ಟ ಇನ್ನೂ ಮಂಜು ಹೊದ್ದುಕೊಂಡಿದ್ದ ಹೊತ್ತಲ್ಲಿ ನಾವು ನಾಲ್ವರು ಗೆಳೆಯರು ಹಂಗಳದ ಆಚೆಗಿನ ಸೂರ್ಯಕಾಂತಿ ಹೊಲಗಳ ನಡುವೆ ಬಂಡಿದಾರಿಯಲ್ಲಿ ಓಡುತ್ತಿದ್ದೆವು. ಆ ದಾರಿಯಲ್ಲಿ ಕೆಂಪು ಮಣ್ಣು ಮುಗಿದು ಎರೆಮಣ್ಣು ಶುರುವಾಗುವ ಒಂದು ಇಳಿಜಾರಿದೆ. ಅಲ್ಲಿ ನನ್ನ ಬಲಗಾಲು ಜಾರಿತು. ಸಾವರಿಸಿಕೊಳ್ಳಲು ಊರಿದ ಎಡಗಾಲು ಗಾಡಿಚಕ್ರದ ಹಳ್ಳಕ್ಕೆ ಹೊರಳಿ ಉಳುಕಿತು. ಮನೆಗೆ ಗೆಳೆಯನ ಬೈಕಿನಲ್ಲಿ ಬಂದೆ.

ಪರೀಕ್ಷೆಯ ದಿನ ಕಾಲಿಗೆ ಪಟ್ಟಿ ಸುತ್ತಿಕೊಂಡೇ ಓಡಿದೆ. ಪುರುಷ ಅಭ್ಯರ್ಥಿಗಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಮೂರನೇ ಸುತ್ತಿನವರೆಗೂ ಗುಂಪಿನ ಜೊತೆಯಲ್ಲೇ ಇದ್ದೆ. ಕೊನೆಯ ಸುತ್ತಿನಲ್ಲಿ ಕಾಲು ಮಾತು ಕೇಳಲಿಲ್ಲ. ಹನ್ನೊಂದು ಸೆಕೆಂಡು ತಡವಾಯಿತು. ಒಂದೂವರೆ ವರ್ಷದ ಓದು, ಪಾಸಾಗಿದ್ದ ಲಿಖಿತ ಪರೀಕ್ಷೆ, ಅವ್ವ ಚೆಂಡುಹೂ ಬಿಡಿಸಿ ತಂದ ಕೂಲಿಯಲ್ಲಿ ಕಟ್ಟಿದ ಕೋಚಿಂಗ್ ಫೀಸು ಎಲ್ಲವೂ ಆ ಹನ್ನೊಂದು ಸೆಕೆಂಡಿನಲ್ಲಿ ಹೋದವು.

ಊರಿಗೆ ಬಂದಾಗ, 'ಶೂ ಸರಿಯಿರಲಿಲ್ಲ, ಅದಕ್ಕೇ ಜಾರಿದೆ' ಎಂದೆ. ಜಗಲಿ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಥಟ್ಟನೆ ಅಂದರು, 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.' ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಗಾದೆ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ನೆಲ ನಿಜವಾಗಿಯೂ ಡೊಂಕಾಗಿದ್ದರೆ ಕುಣಿಯುವವಳು ಏನು ಮಾಡಬೇಕು? ನೆಲ ಬದಲಿಸಲು ಆಗದಿದ್ದರೆ ಕಾಲಿಗೆ ಹಾಕುವುದನ್ನಾದರೂ ನೋಡಿ ಹಾಕಬೇಕಲ್ಲವೇ?

ನನ್ನ ಸಂಶಯಕ್ಕೆ ಉತ್ತರ ಸಿಕ್ಕಿದ್ದು ಗುಂಡ್ಲುಪೇಟೆ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯಲು ಕೂರುವ ತಾತನಿಂದ. ಬಾಯಿ ಬಿಟ್ಟಿದ್ದ ಶೂವನ್ನು ಅಂಟು ಹಾಕಿಸಲು ಕೊಟ್ಟಿದ್ದೆ. ಅವರು ಅದನ್ನು ತಿರುಗಿಸಿ ತಳ ನೋಡಿದರು. ಬೆರಳಿನಿಂದ ಸವರಿದರು. 'ಇದು ಟಾರು ರಸ್ತೆ ಮೆಟ್ಟು ಕನಪ್ಪ. ನೀನು ಒಲದಲ್ಲಿ ಓಡಿದ್ದೀಯ' ಎಂದರು. ಅಷ್ಟೇ. ನನ್ನ ಕೋಚಿಂಗ್‌ನಲ್ಲಿ ಆರು ತಿಂಗಳು ಯಾರೂ ಹೇಳದ ಮಾತನ್ನು ಅವರು ಅರ್ಧ ನಿಮಿಷದಲ್ಲಿ ಹೇಳಿದ್ದರು.

ನಾವು ಶೂ ಕೊಳ್ಳುವಾಗ ಮೊದಲು ಕೇಳುವುದು ಯಾವ ಕಂಪನಿ ಎಂದು, ಆಮೇಲೆ ಎಷ್ಟು ಡಿಸ್ಕೌಂಟ್ ಎಂದು, ಕೊನೆಗೆ ಯಾವ ಬಣ್ಣ ಎಂದು. ನನ್ನ ಅನುಭವ ಹೇಳುವುದೇ ಬೇರೆ: ಮೊದಲು ನಿಮ್ಮ ದಾರಿ ನೋಡಿ, ಆಮೇಲೆ ನಿಮ್ಮ ಕಾಲು ನೋಡಿ, ಮೂರನೆಯದಾಗಿ ಜೇಬು ನೋಡಿ. ಕಂಪನಿಯ ಹೆಸರು ನಾಲ್ಕನೆಯದಾಗಿ ಬಂದರೆ ಸಾಕು.

ದಾರಿ ಮೊದಲು

ಜಿಲ್ಲಾ ಕೇಂದ್ರದಲ್ಲಿರುವವರಿಗೆ ಕ್ರೀಡಾಂಗಣವಿದೆ. ಮೈಸೂರಿನಲ್ಲಿ ಓದುವವರಿಗೆ ಕುಕ್ಕರಹಳ್ಳಿ ಕೆರೆಯ ಏರಿಯಿದೆ. ಹಳ್ಳಿಯಲ್ಲಿದ್ದು ತಯಾರಿ ನಡೆಸುವವರಿಗೆ ಇರುವುದು ಎರಡೇ ಜಾಗ: ವಾಹನಗಳು ನುಗ್ಗುವ ಡಾಂಬರು ರಸ್ತೆ, ಇಲ್ಲವೇ ಹೊಲದ ನಡುವಿನ ಮಣ್ಣಿನ ದಾರಿ. ಊಟಿಗೂ ಕೇರಳಕ್ಕೂ ಹೋಗುವ ಹೆದ್ದಾರಿಗಳು ಕವಲೊಡೆಯುವ ಊರು ಗುಂಡ್ಲುಪೇಟೆ. ನಸುಕಿನಲ್ಲಿ ತರಕಾರಿ ಲಾರಿಗಳ ಪಕ್ಕ ಓಡುವ ಧೈರ್ಯ ಯಾರಿಗಿದೆ? ಹಾಗಾಗಿ ಮಣ್ಣಿನ ದಾರಿಯೇ ನಮ್ಮ ಟ್ರ್ಯಾಕ್. ಪೇಟೆಯವರು ಹವ್ಯಾಸಕ್ಕೆಂದು ಹುಡುಕಿಕೊಂಡು ಹೋಗುವ 'ಟ್ರೇಲ್ ರನ್ನಿಂಗ್' ನಮಗೆ ಅನಿವಾರ್ಯವಾಗಿ ಬಂದದ್ದು.

ಟ್ರೇಲ್ ಶೂ ಎಂದರೆ ಮಣ್ಣು, ಕಲ್ಲು, ಹುಲ್ಲಿನ ದಾರಿಯಲ್ಲಿ ಓಡಲು ಮಾಡಿದ ಶೂ. ಅದಕ್ಕೂ ರಸ್ತೆ ಶೂಗೂ ಇರುವ ವ್ಯತ್ಯಾಸವನ್ನು ರೈತರ ಮಕ್ಕಳಿಗೆ ವಿವರಿಸುವುದು ಸುಲಭ. ಟ್ರ್ಯಾಕ್ಟರ್‌ನ ಹಿಂದಿನ ಟೈರು ನೋಡಿ, ಕಾರಿನ ಟೈರು ನೋಡಿ. ಟ್ರ್ಯಾಕ್ಟರ್ ಟೈರಿಗೆ ದಪ್ಪ ದಪ್ಪ ಹಲ್ಲು, ಹಲ್ಲುಗಳ ನಡುವೆ ಅಗಲ ಜಾಗ. ಹಲ್ಲು ಮಣ್ಣಿಗೆ ಇಳಿದು ಹಿಡಿಯುತ್ತದೆ, ಚಕ್ರ ತಿರುಗಿದಾಗ ನಡುವಿನ ಕೆಸರು ಉದುರುತ್ತದೆ. ಕಾರಿನ ಟೈರು ಹೊಲಕ್ಕಿಳಿದರೆ ಗೀರುಗಳಲ್ಲಿ ಮಣ್ಣು ಮೆತ್ತಿಕೊಂಡು ನಿಂತಲ್ಲೇ ತಿರುಗುತ್ತದೆ. ಶೂ ತಳದ್ದೂ ಇದೇ ಕತೆ. ಸಾಧಾರಣ ಟ್ರೇಲ್ ಶೂ ತಳದ ಹಲ್ಲುಗಳು ಮೂರರಿಂದ ಐದು ಮಿಲಿಮೀಟರ್ ಉದ್ದ ಇರುತ್ತವೆ. ಕೆಸರಿಗೆಂದೇ ಮಾಡಿದವು ಇನ್ನೂ ಉದ್ದ. ರಸ್ತೆ ಶೂ ತಳ ಇದಕ್ಕೆ ಹೋಲಿಸಿದರೆ ಬಹುತೇಕ ಸಪಾಟು.

ನೆಲಕ್ಕೆ ತಕ್ಕ ತಳ ಎಂಬ ಯೋಚನೆಗೆ ಒಂದು ಸ್ವಾರಸ್ಯದ ಚರಿತ್ರೆಯೂ ಇದೆ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಓಟದ ಕೋಚ್ ಬಿಲ್ ಬವರ್‌ಮನ್, ನೈಕಿ ಕಂಪನಿಯ ಸ್ಥಾಪಕರಲ್ಲೊಬ್ಬರು. ಮುಳ್ಳುಮೊಳೆಗಳಿಲ್ಲದೆಯೂ ನೆಲ ಹಿಡಿಯುವ ತಳ ಮಾಡುವುದು ಹೇಗೆಂದು ಅವರು ತಲೆ ಕೆಡಿಸಿಕೊಂಡಿದ್ದರು. 1971ರಲ್ಲಿ ಒಂದು ದಿನ ಹೆಂಡತಿಯ ಅಡುಗೆಮನೆಯ ವೇಫಲ್ ಅಚ್ಚನ್ನು ನೋಡಿ ಅದರೊಳಗೇ ರಬ್ಬರಿನಂಥ ದ್ರಾವಣ ಸುರಿದುಬಿಟ್ಟರಂತೆ. ವೇಫಲ್ ಅಚ್ಚೆಂದರೆ ನಮ್ಮ ಪಡ್ಡಿನ ಹಂಚಿನ ಸೋದರಸಂಬಂಧಿ. ಗುಳಿಯ ಬದಲು ಚೌಕ ಚೌಕ ಮನೆಗಳು. ಅಚ್ಚು ಹಾಳಾಯಿತು, ಆದರೆ ಆ ಚೌಕಗಳ ತಳ ಜಗತ್ತಿನಾದ್ಯಂತ ಹೆಸರಾಯಿತು. ಬವರ್‌ಮನ್ ಮೊದಲು ನೋಡಿದ್ದು ನೆಲವನ್ನು. ಶೂ ಬಂದದ್ದು ಆಮೇಲೆ.

ಹಾಗಾದರೆ ನಿಮ್ಮ ದಾರಿ ಯಾವುದು? ನಮ್ಮ ಗುಂಡ್ಲುಪೇಟೆ ತಾಲ್ಲೂಕನ್ನೇ ನೋಡಿ. ಕೆಂಪು ಮಣ್ಣಿನ ದಾರಿ ಬೇಸಿಗೆಯಲ್ಲಿ ಗಟ್ಟಿ. ಮೇಲೆ ಸಣ್ಣ ಗರುಸು ಹರಡಿದಂತಿರುತ್ತದೆ. ಅದರ ಮೇಲೆ ಉದ್ದ ಹಲ್ಲಿನ ಶೂ ಹಾಕಿದರೆ ಗೋಲಿಗಳ ಮೇಲೆ ನಿಂತ ಹಾಗೆ ಅನಿಸುತ್ತದೆ. ಅಲ್ಲಿಗೆ ಮೂರು-ನಾಲ್ಕು ಮಿಲಿಮೀಟರಿನ, ಒತ್ತೊತ್ತಾದ ಹಲ್ಲು ಸಾಕು. ಮಳೆಗಾಲದ ಎರೆಮಣ್ಣು ಬೇರೆಯೇ ಜಾತಿ. ಹತ್ತು ಹೆಜ್ಜೆಗೆ ಶೂ ಒಂದು ಕೆಜಿ ಆಗುತ್ತದೆ. ಅಲ್ಲಿಗೆ ಹಲ್ಲುಗಳ ನಡುವೆ ಅಗಲ ಜಾಗ ಇರುವ ತಳ ಬೇಕು. ಜಾಲಿಮುಳ್ಳು ಬಿದ್ದ ಬದುವಿನ ದಾರಿಯಾದರೆ ತಳ ದಪ್ಪಗಿರಬೇಕು. ಕೆಲವು ಟ್ರೇಲ್ ಶೂಗಳಲ್ಲಿ ತಳದೊಳಗೆ ಗಟ್ಟಿ ತಗಡಿನಂಥ ಪದರ ಇಟ್ಟಿರುತ್ತಾರೆ; ಚೂಪು ಕಲ್ಲು ಒತ್ತದಂತೆ ಅದು ಕಾಯುತ್ತದೆ. ಬೆರಳುಗಳ ಮುಂದೆ ರಬ್ಬರಿನ ಗಟ್ಟಿ ಅಂಚು ಇರುವುದೂ ಇದಕ್ಕೇ. ಬೆಳಗಿನ ಅರೆಬೆಳಕಿನಲ್ಲಿ ಕಲ್ಲಿಗೆ ಎಡವಿದವರಿಗೆ ಅದರ ಬೆಲೆ ಗೊತ್ತು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ನಿಮ್ಮ ಓಟದ ಮುಕ್ಕಾಲು ಪಾಲು ಕಾಲೇಜು ಮೈದಾನದಲ್ಲೋ ರಸ್ತೆಯಲ್ಲೋ ನಡೆಯುತ್ತಿದ್ದರೆ ಟ್ರೇಲ್ ಶೂ ಕೊಳ್ಳಬೇಡಿ. ಡಾಂಬರಿನ ಮೇಲೆ ಅದರ ಹಲ್ಲು ಬೇಗ ಸವೆಯುತ್ತದೆ, ಓಟವೂ ಭಾರವೆನಿಸುತ್ತದೆ. ಎರಡೂ ಬಗೆಯ ದಾರಿಯಲ್ಲಿ ಓಡುವವರಿಗೆ ಗಿಡ್ಡ ಹಲ್ಲಿನ, ರಸ್ತೆಗೂ ಮಣ್ಣಿಗೂ ಒಗ್ಗುವ ಶೂಗಳೂ ಸಿಗುತ್ತವೆ. ಮೊದಲ ಜೊತೆಗೆ ಅದೇ ಜಾಣತನ. 'ವಾಟರ್‌ಪ್ರೂಫ್' ಎಂಬ ಮಾತಿಗೂ ಮರುಳಾಗಬೇಡಿ. ನೀರು ಒಳಗೆ ಬರದಂತೆ ತಡೆಯುವ ಪೊರೆ, ಮೇಲಿಂದ ಒಮ್ಮೆ ಒಳಹೊಕ್ಕ ನೀರು ಹೊರಗೆ ಹೋಗದಂತೆಯೂ ತಡೆಯುತ್ತದೆ. ನಮ್ಮ ಹವೆಗೆ ಬೇಗ ಒಣಗುವ ಜಾಲರಿ ಬಟ್ಟೆಯ ಶೂಗಳೇ ಸರಿ. ಆದರೆ ಜಾಲರಿ ಒತ್ತಾಗಿರಲಿ. ಇಲ್ಲವಾದರೆ ನೆಗ್ಗಿಲ ಮುಳ್ಳು ನಿಮ್ಮ ಜೊತೆಗೇ ಮನೆಗೆ ಬರುತ್ತದೆ.

ಕಾಲು ಹೇಳುವುದನ್ನು ಕೇಳಿ

ಎರಡನೇ ಸಲ ಶೂ ಕೊಳ್ಳಲು ನಾನು ಮೈಸೂರಿನ ದೊಡ್ಡ ಮಳಿಗೆಯೊಂದಕ್ಕೆ ಹೋದೆ. ಅಲ್ಲಿ ನನಗಿಂತ ಮುಂಚೆ ಬಂದಿದ್ದ ಹುಡುಗನೊಬ್ಬ ನಿಂತಲ್ಲೇ ಶೂ ಹಾಕಿ, ಕನ್ನಡಿ ನೋಡಿ, ಬಿಲ್ ಮಾಡಿಸಿಕೊಂಡು ಹೋದ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಶೂ ಕೊಳ್ಳಲು ಕನ್ನಡಿ ಬೇಡ, ಕಾಲಿಗೆ ಸ್ವಲ್ಪ ಸಮಯ ಕೊಡಿ.

ಸಂಜೆ ಹೊತ್ತು ಹೋಗಿ. ದಿನವೆಲ್ಲ ನಿಂತು ನಡೆದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಆಗುತ್ತದೆ. ನೀವು ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಎರಡೂ ಕಾಲಿಗೆ ಹಾಕಿ ನೋಡಿ. ಹೆಚ್ಚಿನವರಿಗೆ ಒಂದು ಕಾಲು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ದೊಡ್ಡದು. ದೊಡ್ಡ ಕಾಲಿಗೆ ತಕ್ಕ ಅಳತೆ ಆರಿಸಿ. ಎದ್ದು ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಇಳಿಜಾರಿನಲ್ಲಿ ಕಾಲು ಮುಂದಕ್ಕೆ ಸರಿಯುತ್ತದೆ. ಜಾಗ ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ. ಹಾಗೆಂದು ಹಿಮ್ಮಡಿ ಸಡಿಲ ಇರಬಾರದು. ಲೇಸು ಕಟ್ಟಿ ನಾಲ್ಕು ಹೆಜ್ಜೆ ಓಡಿದಾಗ ಹಿಮ್ಮಡಿ ಎದ್ದು ಎದ್ದು ಕೂತರೆ ಬೊಬ್ಬೆ ಖಚಿತ. ಮಳಿಗೆಯಲ್ಲಿ ಮೆಟ್ಟಿಲಿದ್ದರೆ ಹತ್ತಿ ಇಳಿದು ನೋಡಿ. ನಾಚಿಕೆ ಬೇಡ. ದುಡ್ಡು ಕೊಡುವವರು ನೀವು.

ಹುಡುಗಿಯರ ಕಷ್ಟ ಬೇರೆ. ನಮ್ಮ ಜೊತೆ ಓಡುವ ಗೆಳತಿಗೆ ಸಣ್ಣ ಊರುಗಳ ಅಂಗಡಿಯಲ್ಲಿ ಸಿಕ್ಕಿದ್ದು ಗುಲಾಬಿ ಬಣ್ಣದ ವಾಕಿಂಗ್ ಶೂ ಮಾತ್ರ. ಕೊನೆಗೆ ಹುಡುಗರ ಸಣ್ಣ ಅಳತೆ ಕೊಂಡಳು. ಮುಂಗಾಲು ಸರಿಹೋಯಿತು, ಹಿಮ್ಮಡಿ ಸಡಿಲ. ಹೀಗಾದಾಗ ಒಂದು ಉಪಾಯವಿದೆ: ಶೂವಿನ ಮೇಲ್ತುದಿಯಲ್ಲಿ ಬಹಳ ಜನ ಬಳಸದೇ ಬಿಡುವ ಒಂದು ತೂತು ಇರುತ್ತದೆ. ಲೇಸನ್ನು ಅದೇ ಬದಿಯಲ್ಲಿ ಅದರೊಳಗೆ ತೂರಿಸಿ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ಹಾಯಿಸಿ ಎಳೆದು ಕಟ್ಟಿದರೆ ಹಿಮ್ಮಡಿ ಬಿಗಿಯಾಗಿ ಕೂರುತ್ತದೆ. ಅವಳ ಬೊಬ್ಬೆಗಳು ನಿಂತದ್ದು ಹಾಗೆ.

ಅಂಗಡಿಯವರು 'ನಿಮ್ಮದು ಚಪ್ಪಟೆ ಪಾದ, ಅದಕ್ಕೆ ಈ ವಿಶೇಷ ಶೂ ಬೇಕು' ಎಂದು ದುಬಾರಿಯದನ್ನು ತೋರಿಸಬಹುದು. ಈ ಬಗ್ಗೆ ನಮ್ಮಂಥ ನೇಮಕಾತಿ ಆಕಾಂಕ್ಷಿಗಳು ತಿಳಿಯಲೇಬೇಕಾದ ವಿಷಯವೊಂದಿದೆ. ಅಮೆರಿಕದ ಸೇನೆ, ವಾಯುಪಡೆ ಮತ್ತು ಮರೀನ್ ದಳಕ್ಕೆ ಹೊಸದಾಗಿ ಸೇರಿದವರ ಮೇಲೆ ಜೋಸೆಫ್ ನಾಪಿಕ್ ಮತ್ತು ಸಂಗಡಿಗರು ಅಧ್ಯಯನ ನಡೆಸಿದರು. 2009-10ರ ಸುಮಾರಿಗೆ ಅವು ಪ್ರಕಟವಾದವು. ಒಂದು ಗುಂಪಿಗೆ ಪಾದದ ಕಮಾನಿನ ಆಕಾರ ನೋಡಿ ಬಗೆಬಗೆಯ ಶೂ ಕೊಟ್ಟರು. ಇನ್ನೊಂದು ಗುಂಪಿಗೆ ಪಾದ ಹೇಗೇ ಇರಲಿ, ಒಂದೇ ಬಗೆಯದನ್ನು ಕೊಟ್ಟರು. ತರಬೇತಿ ಮುಗಿದಾಗ ಗಾಯಗಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಓಟದ ಶೂಗಳ ಬಗ್ಗೆ ದಶಕಗಳ ಕಾಲ ಸಂಶೋಧನೆ ಮಾಡಿದವರು. ಅವರು ಮುಂದಿಟ್ಟ ವಾದವೂ ಸರಳ: ಹಾಕಿಕೊಂಡು ಓಡಿದಾಗ ಯಾವುದು ಹಿತವೆನಿಸುತ್ತದೋ ಅದನ್ನು ಆರಿಸಿ. ಮೆಟ್ಟು ಎಲ್ಲಿ ಕಚ್ಚುತ್ತದೆ ಎಂಬುದು ಮೆಟ್ಟಿದವರಿಗೇ ಗೊತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದೂ ಇದನ್ನೇ. ಕಾಲಿನಲ್ಲಿ ನಿಜವಾಗಿ ನೋವಿದ್ದವರು ವೈದ್ಯರಿಗೆ ತೋರಿಸಬೇಕು, ಸೇಲ್ಸ್‌ಮನ್‌ಗೆ ಅಲ್ಲ.

'ನಮ್ಮ ತಾತ ಬರಿಗಾಲಲ್ಲೇ ಓಡಿದ್ದ'

ಈ ಮಾತು ಕೇಳದ ಹಳ್ಳಿ ಹುಡುಗರಿಲ್ಲ. ಅದು ಸುಳ್ಳೂ ಅಲ್ಲ. ಶಿವರಾತ್ರಿ, ದೀಪಾವಳಿ ಬಂದರೆ ನಮ್ಮ ಜಿಲ್ಲೆಯ ದಾರಿಗಳಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಬರಿಗಾಲಲ್ಲಿ ನಡೆಯುವ ಪರಸೆಯನ್ನು ನೋಡುತ್ತೇವೆ. 'ಉಘೇ ಉಘೇ' ಎನ್ನುತ್ತ ದಿನಗಟ್ಟಲೆ ನಡೆಯುವ ಆ ಕಾಲುಗಳ ಮುಂದೆ ಯಾವ ಕಂಪನಿಯ ಜಾಹೀರಾತೂ ನಿಲ್ಲುವುದಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಮ್ಯಾರಥಾನ್ ಗೆದ್ದದ್ದು ಬರಿಗಾಲಲ್ಲೇ. 1993ರಲ್ಲಿ ಅಮೆರಿಕದ ಕೊಲರಾಡೊದ ಲೆಡ್‌ವಿಲ್ ಎಂಬಲ್ಲಿ ನಡೆದ 100 ಮೈಲಿಗಳ ಬೆಟ್ಟದ ಓಟವನ್ನು ಗೆದ್ದವರು ಮೆಕ್ಸಿಕೊದ ರಾರಾಮುರಿ ಬುಡಕಟ್ಟಿನ ವಿಕ್ಟೋರಿಯಾನೊ ಚುರೊ. ವಯಸ್ಸು 55, ಕಾಲಲ್ಲಿ ಹಳೆ ಟೈರಿನ ರಬ್ಬರಿನಿಂದ ಮಾಡಿದ ಚಪ್ಪಲಿ. ನಮ್ಮ ತಾತಂದಿರು ಹೊಲಕ್ಕೆ ಹಾಕುತ್ತಿದ್ದ ಟೈರ್ ಚಪ್ಪಲಿಯ ನೆಂಟನೇ ಅದು.

ಆದರೆ ಈ ಕತೆಗಳನ್ನು ಅರ್ಧ ಹೇಳಿ ನಿಲ್ಲಿಸಬಾರದು. ರೋಮ್‌ನಲ್ಲಿ ಸಿಕ್ಕ ಶೂ ಕಾಲಿಗೆ ಹಿತವಾಗಲಿಲ್ಲ, ಅದಕ್ಕೇ ಬಿಕಿಲ ತನಗೆ ಅಭ್ಯಾಸವಿದ್ದ ಬರಿಗಾಲನ್ನು ಆರಿಸಿಕೊಂಡರು ಎನ್ನುತ್ತಾರೆ. ನಾಲ್ಕು ವರ್ಷಗಳ ನಂತರ ಟೋಕಿಯೊದಲ್ಲಿ ಶೂ ಹಾಕಿ ಓಡಿ ಮತ್ತೆ ಗೆದ್ದರು. ರಾರಾಮುರಿಗಳದ್ದು ಬಾಲ್ಯದಿಂದ ಆ ಚಪ್ಪಲಿಯಲ್ಲೇ ಪಳಗಿದ ಕಾಲು. ಅವರ ಕಾಲಿಗೂ ಅವರ ನೆಲಕ್ಕೂ ಆ ತಳಕ್ಕೂ ಹೊಂದಾಣಿಕೆ ಇತ್ತು. ಆರನೇ ತರಗತಿಯಿಂದ ಯೂನಿಫಾರಂ ಶೂ, ಆಮೇಲೆ ಬೈಕು, ಆಮೇಲೆ ಗಂಟೆಗಟ್ಟಲೆ ಕುಳಿತು ಓದಿದ ನಮ್ಮ ಕಾಲು ಬೇರೆ. ಇದ್ದಕ್ಕಿದ್ದಂತೆ ಒಂದು ದಿನ ಬರಿಗಾಲಲ್ಲಿ ಜಾಲಿಮುಳ್ಳಿನ ದಾರಿಗೆ ಇಳಿಯುವುದನ್ನು ತಾತನೂ ಮೆಚ್ಚುವುದಿಲ್ಲ. ಶೂ ಎಲ್ಲವನ್ನೂ ಮಾಡುತ್ತದೆ ಎನ್ನುವುದು ಎಷ್ಟು ಮೂಢನಂಬಿಕೆಯೋ, ಶೂ ಏನೂ ಅಲ್ಲ ಎನ್ನುವುದೂ ಅಷ್ಟೇ ಮೂಢನಂಬಿಕೆ.

ಜೇಬಿನ ಲೆಕ್ಕ

ನನ್ನ ಮೊದಲ ಶೂ ಹೆಸರಾಂತ ಕಂಪನಿಯೊಂದರ ನಕಲು. ಫುಟ್‌ಪಾತ್‌ನಲ್ಲಿ 1,200 ರೂಪಾಯಿ. 'ಫಸ್ಟ್ ಕಾಪಿ' ಎಂದು ಮಾರಿದವನು ಹೆಮ್ಮೆಯಿಂದ ಹೇಳಿದ್ದ. ಹೊರಗೆ ಥೇಟ್ ಅದೇ ಗುರುತು. ಒಳಗೆ ಎರಡು ತಿಂಗಳಿಗೆ ಬಂಡೆಯಂತಾದ ಸ್ಪಂಜು. ನಾನು ಬರೆದಿಟ್ಟುಕೊಂಡ ಲೆಕ್ಕದ ಪ್ರಕಾರ ಅದರಲ್ಲಿ ಓಡಿದ್ದು ಹೆಚ್ಚೆಂದರೆ 150 ಕಿಲೋಮೀಟರ್. ಅಂದರೆ ಒಂದು ಕಿಲೋಮೀಟರಿಗೆ ಎಂಟು ರೂಪಾಯಿ. ಒಳ್ಳೆಯ ಓಟದ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ ಎನ್ನುತ್ತಾರೆ. ನಾಲ್ಕು ಸಾವಿರದ ಶೂ 800 ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ ಐದು ರೂಪಾಯಿ, 500 ಓಡಿದರೂ ಎಂಟೇ ರೂಪಾಯಿ. ಅಗ್ಗದ್ದು ಎಂದು ಕೊಂಡದ್ದು ಅಗ್ಗವಾಗಿರಲಿಲ್ಲ. ಉಳುಕಿದ ಕಾಲಿನ ಖರ್ಚನ್ನು ನಾನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

ಹಾಗೆಂದು ಸಾಲ ಮಾಡಿ ಹದಿನೈದು ಸಾವಿರದ ಶೂ ಕೊಳ್ಳಿ ಎನ್ನುತ್ತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಶೂಗೂ ಅನ್ವಯ. ಮೊದಲ ಜೊತೆಯಲ್ಲಿ ನಮಗೆ ಬೇಕಾಗಿರುವುದು ಹಿಡಿತ, ಅಳತೆ, ಹಿತ ಈ ಮೂರೇ. ಸಾಮಾನ್ಯ ಬೆಲೆಯ ಟ್ರೇಲ್ ಶೂಗಳಲ್ಲಿ ಇವು ಸಿಗುತ್ತವೆ. ಹೆಚ್ಚು ಬೆಲೆಯವುಗಳಲ್ಲಿ ತೂಕ ಕಡಿಮೆ, ಸ್ಪಂಜು ಮೇಲು, ರಬ್ಬರು ಮೇಲು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಓಟದಲ್ಲಿ 50, 100 ಕಿಲೋಮೀಟರ್ ಓಡುವವರಿಗೆ ಅದು ಬೇಕು. ದಿನಕ್ಕೆ ಐದಾರು ಕಿಲೋಮೀಟರ್ ಓಡುವ ನಮಗೆ ಬೇಡ. ಹೊಸ ಮಾದರಿ ಬಂದಾಗ ಹಳೆ ಮಾದರಿಯ ಬೆಲೆ ಇಳಿಯುತ್ತದೆ, ಆಗ ಕೊಳ್ಳಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಮೊದಲು ಅದೇ ಮಾದರಿಯನ್ನು ಎಲ್ಲಾದರೂ ಕಾಲಿಗೆ ಹಾಕಿ ನೋಡಿ. ಒಂದು ಕಂಪನಿಯ ಎಂಟು ಇನ್ನೊಂದರ ಒಂಬತ್ತಕ್ಕೆ ಸಮ ಇರಬಹುದು. ಬೇರೆಯವರು ಬಳಸಿದ ಶೂ ಮಾತ್ರ ಬೇಡ. ಅದರ ತಳ ಅವರ ಹೆಜ್ಜೆಗೆ ತಕ್ಕಂತೆ ಸವೆದಿರುತ್ತದೆ.

ಇನ್ನೊಂದು ಎಚ್ಚರಿಕೆ, ಪರೀಕ್ಷೆ ಹತ್ತಿರ ಇರುವವರಿಗೆ. ದೈಹಿಕ ಪರೀಕ್ಷೆ ನಡೆಯುವುದು ಸಮತಟ್ಟಾದ ಮೈದಾನದಲ್ಲಿ. ಅಗ್ನಿವೀರ್ ನೇಮಕಾತಿಯ 1.6 ಕಿಲೋಮೀಟರ್ ಇರಲಿ, ಪೊಲೀಸ್ ಹುದ್ದೆಯ 1600 ಮೀಟರ್ ಇರಲಿ, ಅಲ್ಲಿ ಹಗುರ ಶೂ ವಾಸಿ. ಹಳ್ಳಿಯ ದಾರಿಯಲ್ಲಿ ತಿಂಗಳುಗಟ್ಟಲೆ ತಯಾರಿಗೆ ಟ್ರೇಲ್ ಶೂ, ಕೊನೆಯ ವಾರಗಳಲ್ಲಿ ಮೈದಾನದ ವೇಗದ ಅಭ್ಯಾಸಕ್ಕೆ ಹಗುರ ಶೂ ಎಂದು ಇಟ್ಟುಕೊಂಡರೆ ಒಳ್ಳೆಯದು. ಒಂದೇ ಜೊತೆ ಸಾಧ್ಯ ಎನ್ನುವವರಿಗೆ ಗಿಡ್ಡ ಹಲ್ಲಿನ ಶೂ ಎರಡಕ್ಕೂ ನಡೆಯುತ್ತದೆ. ಏನೇ ಆಗಲಿ, ಪರೀಕ್ಷೆಯ ದಿನ ಹೊಸ ಶೂ ತೆರೆಯಬೇಡಿ. ಮದುವೆ ದಿನ ಹೊಸ ಚಪ್ಪಲಿ ಕಚ್ಚಿದರೆ ಕುಂಟಿಕೊಂಡಾದರೂ ಹಸೆಮಣೆ ಏರಬಹುದು. ಇಲ್ಲಿ ಆ ಅವಕಾಶ ಇಲ್ಲ.

ಟ್ರೇಲ್ ಎಂದರೆ ಕಾಡಲ್ಲ

ಶೂ ಜಾಹೀರಾತುಗಳಲ್ಲಿ ದಟ್ಟ ಕಾಡಿನ ನಡುವೆ ಒಬ್ಬಂಟಿ ಓಡುವವರನ್ನು ತೋರಿಸುತ್ತಾರೆ. ಬಂಡೀಪುರದ ಪಕ್ಕ ಇರುವ ನಮಗೆ ಆ ಚಿತ್ರ ಅಪಾಯದ್ದು. ಇದು 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆಯ್ಕೆಯಾದ ದೇಶದ ಮೊದಲ ಒಂಬತ್ತು ತಾಣಗಳಲ್ಲಿ ಒಂದು. ಅನುಮತಿ ಇಲ್ಲದೆ ಒಳಗೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸರ್ಕಾರಿ ನೌಕರಿಗೆಂದು ಓಡುವವರು ಹೆಸರಿನ ಮೇಲೆ ಅರಣ್ಯ ಮೊಕದ್ದಮೆ ಹಾಕಿಸಿಕೊಂಡರೆ ಅದಕ್ಕಿಂತ ದೊಡ್ಡ ಅವಿವೇಕ ಇನ್ನೊಂದಿಲ್ಲ.

ಕಾನೂನು ಬದಿಗಿಟ್ಟರೂ ಕಾಡಂಚಿನ ಬದುಕು ನಮಗೆ ಗೊತ್ತೇ ಇದೆ. 2019ರಲ್ಲಿ ಚೌಡಹಳ್ಳಿ, ಹುಂಡೀಪುರದ ಕಡೆ ಹುಲಿ ಇಬ್ಬರು ರೈತರನ್ನು ಬಲಿ ತೆಗೆದುಕೊಂಡದ್ದನ್ನು ಈ ಭಾಗದವರು ಮರೆತಿಲ್ಲ. ಆನೆಗಳು ರಾತ್ರಿ ಹೊಲಕ್ಕೆ ಬಂದು ನಸುಕಿನಲ್ಲಿ ಹಿಂತಿರುಗುತ್ತವೆ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರ ನಿಷೇಧ 2009ರಿಂದ ಇದೆ. ಪ್ರಾಣಿಗಳಿಗೆಂದು ರಾಷ್ಟ್ರೀಯ ಹೆದ್ದಾರಿಯೇ ಆರು ಗಂಟೆಯವರೆಗೆ ಕಾಯುವಾಗ, ನಾವು ನಾಲ್ಕೂವರೆಗೆ ಎದ್ದು ಕಾಡಂಚಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಓಡುವುದು ಯಾವ ನ್ಯಾಯ? ನಮ್ಮ ಗುಂಪಿನ ನಿಯಮ ಮೂರು: ಬೆಳಕು ಹರಿದ ಮೇಲೆ ಓಟ, ಕನಿಷ್ಠ ಮೂವರ ಜೊತೆ, ಕಿವಿ ಖಾಲಿ. ಓಡುವುದು ಊರಿನ ಕಡೆಗಿನ ಹೊಲದ ದಾರಿಯಲ್ಲಿ, ಕಾಡಿನ ಕಡೆಗಲ್ಲ. ಎಷ್ಟೇ ಒಳ್ಳೆಯ ಶೂ ಹಾಕಿದರೂ ಆನೆ ಅಟ್ಟಿಸಿಕೊಂಡು ಬಂದರೆ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಕಾಡಿನ ದಾರಿಯಲ್ಲೇ ನಡೆಯಬೇಕೆಂಬ ಆಸೆ ಇದ್ದವರು ಅರಣ್ಯ ಇಲಾಖೆಯ ಹುದ್ದೆಗೆ ಓದಿ. ಕಳ್ಳಬೇಟೆ ತಡೆ ಶಿಬಿರಗಳ ಸಿಬ್ಬಂದಿ ದಿನವೂ ಕಾಲ್ನಡಿಗೆಯಲ್ಲೇ ಗಸ್ತು ತಿರುಗುತ್ತಾರೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಗುಡ್ಡ ಹತ್ತಿ ಇಳಿದು ಸೊಪ್ಪಿನಿಂದ ಬಡಿದು ಬೆಂಕಿ ನಂದಿಸಿದವರಲ್ಲಿ ಅವರೇ ಮುಂದಿದ್ದರು. ಡೊಂಕು ನೆಲದಲ್ಲಿ ಓಡಿ ಕಲಿತ ಕಾಲಿಗೆ ಅಲ್ಲಿ ನಿಜವಾದ ಕೆಲಸವಿದೆ.

ಸಮಾನ ಗೆರೆ, ಅಸಮಾನ ದಾರಿ

ಅಧಿಸೂಚನೆಯಲ್ಲಿ ಎತ್ತರ ಇರುತ್ತದೆ, ಎದೆಯ ಸುತ್ತಳತೆ ಇರುತ್ತದೆ, ಓಟದ ಸಮಯ ಇರುತ್ತದೆ. ಎಲ್ಲರಿಗೂ ಒಂದೇ ಗೆರೆ, ಒಂದೇ ಸೀಟಿ. ಅದು ಸರಿಯೇ. ಆದರೆ ಆ ಗೆರೆಯವರೆಗೆ ಬರುವ ದಾರಿ ಎಲ್ಲರಿಗೂ ಒಂದೇ ಅಲ್ಲ. ಅದನ್ನು ಸ್ವಲ್ಪವಾದರೂ ಸಮ ಮಾಡಲು ಕೋಟಿಗಟ್ಟಲೆ ಬೇಕಾಗಿಲ್ಲ. ಹೋಬಳಿಗೊಂದು ಪ್ರೌಢಶಾಲೆಯ ಮೈದಾನದಲ್ಲಿ ಕಲ್ಲು ಆರಿಸಿ, ರೋಲರ್ ಹಾಯಿಸಿ, ಸುಣ್ಣದಲ್ಲಿ 200 ಮೀಟರಿನ ಸುತ್ತು ಹಾಕಿ ಬೆಳಿಗ್ಗೆ ಗೇಟು ತೆರೆದಿಟ್ಟರೆ ಸಾಕು. ಕಾಲೇಜುಗಳ ಕ್ರೀಡಾ ವಿಭಾಗಗಳು ಎಲ್ಲ ಅಳತೆಯ ನಾಲ್ಕಾರು ಜೊತೆ ಶೂಗಳನ್ನು ಕಾಲಿಗೆ ಹಾಕಿ ನೋಡಲೆಂದೇ ಇಡಬಹುದು. ಕೋಚಿಂಗ್ ಕೊಡುವವರು ಪ್ರಚಲಿತ ವಿದ್ಯಮಾನದ ಹತ್ತು ಪ್ರಶ್ನೆಗಳ ಜೊತೆ ಒಂದು ದಿನ ಶೂ ತಳ ತಿರುಗಿಸಿ ತೋರಿಸಬಹುದು.

ಆವರೆಗೆ ಗೆಳೆಯರೇ, ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಹಳೆಯ ಶೂ ತಿರುಗಿಸಿ ತಳ ನೋಡಿ. ಎಲ್ಲಿ ಸವೆದಿದೆ, ಹಲ್ಲು ಎಷ್ಟು ಉಳಿದಿದೆ, ನಿಮ್ಮ ದಾರಿಗೆ ಅದು ತಕ್ಕುದೇ ಎಂದು ಕೇಳಿಕೊಳ್ಳಿ. ಬಸ್ ನಿಲ್ದಾಣದ ತಾತ ನನಗೆ ಕಲಿಸಿದ್ದು ಅಷ್ಟೇ.

ನಾನು ಈಗ ಮುಂದಿನ ಅಧಿಸೂಚನೆಗೆ ಕಾಯುತ್ತ ವಾರಕ್ಕೆ ಐದು ದಿನ ಓಡುತ್ತಿದ್ದೇನೆ. ಆ ಇಳಿಜಾರಿನ ತಿರುವಿನಲ್ಲಿ ಈಗಲೂ ಎದೆ ಒಮ್ಮೆ ಢವ್ ಎನ್ನುತ್ತದೆ, ಆದರೆ ಕಾಲು ಜಾರಿಲ್ಲ. ಮೊನ್ನೆ ಮಳೆಯಲ್ಲಿ ನೆನೆದು ಬಂದಾಗ ಅವ್ವ ನನ್ನ ಶೂವನ್ನು ಸೋಪು ಹಾಕಿ ಉಜ್ಜಿ ಒಲೆಯ ಪಕ್ಕ ಒಣಗಲು ಇಟ್ಟಿದ್ದಳು. ಓಡಿಹೋಗಿ ಎತ್ತಿಕೊಂಡೆ. ಬೆಂಕಿಯ ಕಾವಿಗೂ ಉರಿಬಿಸಿಲಿಗೂ ಅಂಟು ಬಿಡುತ್ತದೆ, ನೆರಳಲ್ಲಿ ಒಣಗಿಸಬೇಕು ಎಂದೆ. 'ನಾಕು ಸಾವಿರದ ಮೆಟ್ಟಿಗೆ ನೆರಳು ಬೇರೆ ಬೇಕಾ' ಎಂದು ನಕ್ಕು, ತನ್ನ ಸವೆದ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಚೆಂಡುಹೂವಿನ ಹೊಲಕ್ಕೆ ಹೋದಳು. ಕೆಲಸ ಸಿಕ್ಕಿದ ಮೊದಲ ತಿಂಗಳಲ್ಲಿ ಏನು ಕೊಳ್ಳಬೇಕೆಂದು ನಾನು ಯೋಚಿಸಬೇಕಾಗಿಲ್ಲ. ಅವಳ ಕಾಲಿನ ಅಳತೆ ಆಗಲೇ ತೆಗೆದಿಟ್ಟುಕೊಂಡಿದ್ದೇನೆ.

ಒದ್ದೆ ಶೂ ಬೇಗ ಒಣಗಲು ಒಳ್ಳೆಯ ಉಪಾಯ ಹಳೆಯ ಪತ್ರಿಕೆ. ಉಂಡೆ ಮಾಡಿ ಒಳಗೆ ತುರುಕಿದರೆ ರಾತ್ರಿಯೊಳಗೆ ನೀರು ಹೀರುತ್ತದೆ. ಈ ಪುಟ ಓದಿ ಮುಗಿದ ಮೇಲೆ ಇದನ್ನೇ ಬಳಸಿ, ನನಗೆ ಬೇಸರವಿಲ್ಲ.